ಆಶ್ರಯದ ನೆಳಲು, ಶಾಸನದ ಕಲ್ಲು

ಮಡಕಶಿರ ಸೀಮೆಯ ಅಮರಾಪುರಕ್ಕೆ ಸಮೀಪದಲ್ಲಿ, ಕರ್ನಾಟಕದ ಗಡಿಗೆ ಅತಿ ಹತ್ತಿರವಾಗಿ ಇರುವ ಹೇಮಾವತಿಯು, ಈ ಹೊತ್ತು ಮಳೆಯ ದಾರಿಯನ್ನು ನೋಡುತ್ತ ಬೇಸಾಯದಿಂದ ಬದುಕುವ ಒಂದು ಸಾಧಾರಣ ಗ್ರಾಮವೇ ಆಗಿದ್ದರೂ, ಸಾವಿರ ವರುಷಗಳ ಹಿಂದೆ ಪೆಂಜೇರು ಎಂದೂ ಹೆಂಜೇರು ಎಂದೂ ಶಾಸನಗಳಲ್ಲಿ ಹೆಸರುಗೊಂಡು, ನೊಳಂಬ ಪಲ್ಲವರೆಂಬ ಅರಸುಮನೆತನಕ್ಕೆ ರಾಜಧಾನಿಯಾಗಿ, ಇಂದಿನ ತುಮಕೂರು, ಚಿತ್ರದುರ್ಗ, ಕೋಲಾರ, ಅನಂತಪುರ ಪ್ರಾಂತಗಳಲ್ಲಿ ಹರಡಿಕೊಂಡಿದ್ದ ನೊಳಂಬವಾಡಿ 32,000 ಎಂಬ ನಾಡಿನ ಆಳ್ವಿಕೆಗೆ ಕೇಂದ್ರವಾಗಿದ್ದಿತು. ಊರಿನಲ್ಲಿ ಉಳಿದಿರುವ ದೊಡ್ಡೇಶ್ವರ, ಸಿದ್ಧೇಶ್ವರ, ವಿರೂಪಾಕ್ಷ, ಮಲ್ಲೇಶ್ವರ ದೇವಾಲಯಗಳು ಆ ವೈಭವಕ್ಕೆ ಸಾಕ್ಷಿಗಳು. ಇವುಗಳಲ್ಲಿ ಸಿದ್ಧೇಶ್ವರನನ್ನು ಜನರು ಹೆಂಜೇರಪ್ಪನೆಂದು ಕರೆಯುತ್ತಾರೆ. ಶಿವನು ಇಲ್ಲಿ ಲಿಂಗರೂಪದಲ್ಲಿರದೆ ಮನುಷ್ಯಾಕಾರದಲ್ಲಿ ಆಸೀನನಾಗಿ ಪೂಜೆಗೊಳ್ಳುತ್ತಿರುವುದು ಈ ಕ್ಷೇತ್ರದ ವಿಶೇಷ. ರಾಜ್ಯದ ಲೆಕ್ಕದಲ್ಲಿ ಇದು ಆಂಧ್ರದ ನೆಲ, ಅನಂತಪುರ ಜಿಲ್ಲೆಗೆ ಸೇರಿದ್ದುದು 2022ರಿಂದ ಈಚೆಗೆ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಮನೆಮಾತಿನ ಲೆಕ್ಕದಲ್ಲಿ ಮಾತ್ರ ಇದು ಎಂದೆಂದಿಗೂ ಕನ್ನಡದ ನೆಲವೇ.

ದೊಡ್ಡೇಶ್ವರನ ಗುಡಿಯೊಳಗಣ ಕಂಬಗಳ ಮುಂದೆ ನಿಂತವನಿಗೆ ಮೊದಲು ತೋರುವುದು ಆ ಕರಿಯ ಕಲ್ಲಿನ ನುಣುಪು. ಬುಡದ ಚೌಕದ ಮೇಲೆ ಕಿರಿದಾದ ಮೂರ್ತಿಗಳೂ ಬಳ್ಳಿಗಳೂ. ಅಲ್ಲಿಂದ ಮೇಲಕ್ಕೆ ಕಂಬವು ದುಂಡಾಗಿ, ಪಟ್ಟಿಕೆಗಳನ್ನು ಕಟ್ಟಿಕೊಂಡು, ಕಲಶದ ಆಕಾರವನ್ನು ತಾಳಿ, ಕೊನೆಗೆ ಬೋದಿಗೆಯ ಅಡಿಯಲ್ಲಿ ಕಮಲದಂತೆ ಅರಳುತ್ತದೆ. ಬೆರಳಗಲದ ಜಾಗದಲ್ಲಿ ಒಂದು ಗಣದ ನಗುವನ್ನು ಮೂಡಿಸಬೇಕಾದರೆ ಉಳಿಯನ್ನು ಎಷ್ಟು ಹಗುರವಾಗಿ ಹಿಡಿದಿರಬೇಕು, ಎಷ್ಟು ವರುಷ ಆ ಕೈ ಪಳಗಿರಬೇಕು! ಗೋಡೆಯ ಜಾಲಂಧ್ರಗಳಲ್ಲಿ ಕಲ್ಲನ್ನು ತೂತುತೂತಾಗಿ ಕೊರೆದು, ಆ ತೂತುಗಳ ನಡುವೆಯೇ ದೇವತಾಮೂರ್ತಿಗಳನ್ನು ನಿಲ್ಲಿಸಿರುವುದನ್ನು ನೋಡಿದರಂತೂ, ಬೆಳಕಿಗೆ ದಾರಿ ಬಿಡಬೇಕಾದ ಸ್ಥಳವನ್ನೇ ಶಿಲ್ಪಿಯು ತನ್ನ ವಿದ್ಯೆಯ ಪರೀಕ್ಷೆಗೆ ಆರಿಸಿಕೊಂಡನೆಂದು ತೋರುವುದು. ಸಿ. ಶಿವರಾಮಮೂರ್ತಿಗಳು ಮದರಾಸಿನ ಮ್ಯೂಸಿಯಮ್ಮಿಗೆ ಸೇರಿದ ನೊಳಂಬ ಶಿಲ್ಪಗಳನ್ನು ಕುರಿತು 1964ರಲ್ಲಿ ಗ್ರಂಥವನ್ನು ಪ್ರಕಟಿಸಿದುದೂ, ಅದಕ್ಕೆ ಮುಂಚೆಯೇ ಇಂಗ್ಲೆಂಡಿನ ಡಗ್ಲಸ್ ಬ್ಯಾರೆಟ್ಟರು ಹೇಮಾವತಿಯನ್ನು ಕುರಿತೇ ಒಂದು ಪುಸ್ತಕವನ್ನು ಬರೆದುದೂ, ಈ ಶೈಲಿಯು ಚಾಲುಕ್ಯರದೂ ಅಲ್ಲದ, ಚೋಳರದೂ ಅಲ್ಲದ, ತನ್ನದೇ ಆದ ಒಂದು ಘನತೆಯುಳ್ಳದ್ದೆಂಬುದನ್ನು ವಿದ್ವಲ್ಲೋಕಕ್ಕೆ ಸ್ಪಷ್ಟಪಡಿಸಿದುವು.

ಇಂತಹ ಕೈಗಳು ಒಂದು ಊರಿನಲ್ಲಿ ಹೇಗೆ ಕೂಡುತ್ತವೆ, ಯಾವ ಭರವಸೆಯ ಮೇಲೆ ನೆಲೆಸುತ್ತವೆ, ಆ ಭರವಸೆಯು ಕದಲಿದಾಗ ಏನಾಗುತ್ತವೆ ಎಂಬುದೇ ಈ ಪ್ರಬಂಧದ ವಿಷಯ. ಕುಶಲನಾದವನು ತನ್ನ ಹುಟ್ಟೂರನ್ನು ಬಿಟ್ಟು ಪರನಾಡಿನಲ್ಲಿ ಕಾಲೂರುವುದಕ್ಕೆ ನಮ್ಮ ದೇಶದಲ್ಲಿ ಬಹು ಹಿಂದಿನಿಂದಲೂ ಎರಡು ಆಧಾರಗಳಿದ್ದುವು. ಕೆಲಸಕ್ಕೆ ಕರೆದವನ ಆಶ್ರಯವು ಒಂದು. ಅದು ಬೇಗನೆ ದೊರೆಯುವುದು, ಒಡೆಯನ ಸ್ಥಿತಿ ಕೆಟ್ಟರೆ ತಾನೂ ಕೆಡುವುದು. ಇರುವವನ ಹೆಸರಿಗೇ ಬರೆದುಕೊಟ್ಟ ಹಕ್ಕು ಮತ್ತೊಂದು. ಅದು ನಿಧಾನವಾಗಿ ಬರುವುದು, ಬಂದ ಮೇಲೆ ಒಡೆಯನ ಏಳುಬೀಳುಗಳನ್ನು ದಾಟಿ ನಿಲ್ಲುವುದು. ಮೊದಲನೆಯದರ ನೆಳಲಿನಲ್ಲಿ ದುಡಿಯುತ್ತ ಎರಡನೆಯದಕ್ಕಾಗಿ ಕಾಯುವುದು ಬುದ್ಧಿವಂತರ ಕ್ರಮವಾಗಿದ್ದಿತು. ಈಗ ಆಸ್ಟ್ರೇಲಿಯ, ಅಮೆರಿಕಗಳಿಗೆ ಹೋದ ನಮ್ಮ ಹುಡುಗರು ಕಂಪನಿಯ ಸ್ಪಾನ್ಸರ್‌ಷಿಪ್ಪಿನ ಮೇಲೆ ಕೆಲಸ ಮಾಡುತ್ತ, ಮತ್ತೊಂದು ಕಡೆ ತಮ್ಮ ಅರ್ಹತೆಯ ಮೇಲೆ ಹಾಕಿದ ಪಿ.ಆರ್. ಎಂಬ ಶಾಶ್ವತ ವಾಸದ ಅರ್ಜಿಯ ಉತ್ತರವನ್ನು ಎದುರುನೋಡುತ್ತಿರುವುದನ್ನು ಹೊಸ ಕಾಲದ ತೊಡಕೆಂದು ಭಾವಿಸುವವರು, ಹೇಮಾವತಿಯ ಸುತ್ತಣ ಶಿಲೆಗಳನ್ನು ಒಮ್ಮೆ ಓದಬೇಕು.

ಈ ಸೀಮೆಯಲ್ಲಿ ಹೆಸರು ಹೇಳಿಕೊಂಡ ಮೊಟ್ಟಮೊದಲ ವಲಸಿಗನು ಒಬ್ಬ ಲಿಪಿಕಾರ. ರಾಯದುರ್ಗಕ್ಕೆ ನೆರೆಯಾದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿರುವುದನ್ನು ಬಿ. ಎಲ್. ರೈಸರು 1892ರಲ್ಲಿ ಕಂಡುಹಿಡಿದರಷ್ಟೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನಿಂದ ಇಸಿಲದ ಮಹಾಮಾತ್ರರಿಗೆ ಬಂದ ಆ ಆಜ್ಞೆಯ ಕೊನೆಯಲ್ಲಿ ಅದನ್ನು ಬರೆದವನು ತನ್ನ ಹೆಸರು ಚಪಡನೆಂದು ತಿಳಿಸಿದ್ದಾನೆ. ಶಾಸನವೆಲ್ಲವೂ ಬ್ರಾಹ್ಮೀ ಲಿಪಿಯಲ್ಲಿ ಎಡದಿಂದ ಬಲಕ್ಕೆ ನಡೆದು, ಲಿಪಿಕಾರನೆಂಬ ತನ್ನ ವೃತ್ತಿಯನ್ನು ಸೂಚಿಸುವ ಆ ಒಂದು ಪದ ಮಾತ್ರ, ಬಲದಿಂದ ಎಡಕ್ಕೆ ಬರೆಯತಕ್ಕ ಖರೋಷ್ಠೀ ಲಿಪಿಯಲ್ಲಿ ಮೂಡಿದೆ. ಖರೋಷ್ಠಿಯು ಗಾಂಧಾರದ ಕಡೆಯ ಲಿಪಿ; ದಕ್ಷಿಣದಲ್ಲಿ ಅದನ್ನು ಓದಬಲ್ಲವರು ಆ ಬಂಡೆಯ ಸುತ್ತಮುತ್ತ ಯಾರೂ ಇದ್ದಿರಲಾರರು. ವಾಯವ್ಯದ ಗಡಿಯಲ್ಲಿ ಅಕ್ಷರ ಕಲಿತವನೊಬ್ಬನು, ಸರ್ಕಾರದ ಕೆಲಸದ ಮೇಲೆ ನೂರಾರು ಯೋಜನಗಳನ್ನು ದಾಟಿ, ಕ್ರಿಸ್ತನಿಗೆ ಪೂರ್ವದ ಮೂರನೆಯ ಶತಮಾನದಲ್ಲಿ ಈ ಕಲ್ಲುಗುಡ್ಡಗಳಿಗೆ ಬಂದು, ರಾಜನ ಮಾತನ್ನೆಲ್ಲ ರಾಜನ ಲಿಪಿಯಲ್ಲಿ ಬರೆದು ಮುಗಿಸಿ, ತನ್ನ ವಿದ್ಯೆಯ ಹೆಸರನ್ನು ತನ್ನೂರಿನ ಅಕ್ಷರದಲ್ಲಿ ಬರೆದನೆಂದು ನೆನೆಯುವಾಗ ನನಗೆ ಆತನ ಮೇಲೆ ಒಂದು ಬಗೆಯ ಬಾಂಧವ್ಯವೇ ಉಂಟಾಗುತ್ತದೆ.

ನೊಳಂಬರ ಕಾಲಕ್ಕೆ ಬಂದರೆ, ಆಶ್ರಯವು ಹಕ್ಕಾಗಿ ಮಾರ್ಪಡುವ ವಿಧಾನವು ಶಾಸನಗಳಲ್ಲಿ ನಿಚ್ಚಳವಾಗಿ ಕಾಣುವುದು. ಒಡೆಯನ ಅನ್ನವನ್ನು ಉಂಡವನು ಆತನ ಕೆಲಸಕ್ಕೆ ದೇಹವನ್ನು ಒಪ್ಪಿಸಬೇಕೆಂಬ ಕಟ್ಟಳೆಗೆ ಜೋಳದ ಪಾಳಿ ಎಂಬ ಹೆಸರಿದ್ದಿತು. ಅನ್ನ, ವಸ್ತ್ರ, ಬೀಡು ಇವು ಕೆಲಸದಲ್ಲಿ ಇರುವವರೆಗಿನ ಮಾತು. ಆದರೆ ಅರಸನು ಪ್ರಸನ್ನನಾಗಿ ಭೂಮಿಯನ್ನು ಧಾರಾಪೂರ್ವಕವಾಗಿ ಕೊಟ್ಟು, ಅದರ ಎಲ್ಲೆಗಳನ್ನು ನಾಲ್ಕು ದಿಕ್ಕಿನಲ್ಲಿ ಹೇಳಿಸಿ, ತೆರಿಗೆಯ ಬಾಧೆಯನ್ನು ಕಳೆದು, ಊರ ಪ್ರಮುಖರನ್ನು ಸಾಕ್ಷಿಯಿರಿಸಿ, ಸೂರ್ಯಚಂದ್ರರು ಇರುವವರೆಗೆ ನಡೆಯತಕ್ಕುದೆಂದು ಕಲ್ಲಿನಲ್ಲಿ ಕೆತ್ತಿಸಿದನೆಂದರೆ, ಆಮೇಲೆ ಅದು ಕೊಟ್ಟವನ ಕೃಪೆಯ ಮೇಲೆ ನಿಲ್ಲುವ ವಸ್ತುವಾಗಿ ಉಳಿಯುತ್ತಿರಲಿಲ್ಲ. ತಾನು ಕೊಟ್ಟುದಾಗಲಿ ಪರರು ಕೊಟ್ಟುದಾಗಲಿ ದಾನವನ್ನು ಅಪಹರಿಸಿದವನು ಅರುವತ್ತು ಸಾವಿರ ವರುಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವನೆಂಬ ಶಾಪವಾಕ್ಯವನ್ನು ಕೊನೆಯಲ್ಲಿ ಸೇರಿಸುತ್ತಿದ್ದುದು ಇದೇ ಕಾರಣದಿಂದ. ಮುಂದೆ ಬರುವ ಅರಸನು ಬೇರೆ ವಂಶದವನಾಗಿದ್ದರೂ, ಹಗೆಯಾಗಿದ್ದರೂ, ಆ ಶಾಪವು ಅವನನ್ನೇ ಉದ್ದೇಶಿಸಿದುದು.

ಆಶ್ರಯವು ಹಕ್ಕಾಗುವುದಕ್ಕೆ ನೊಳಂಬರ ಯುದ್ಧವೊಂದೇ ಒಳ್ಳೆಯ ನಿದರ್ಶನ. ಬೆಂಗಳೂರಿಗೆ ಸಮೀಪದ ಬೇಗೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಪ್ರಸಿದ್ಧವಾದ ವೀರಗಲ್ಲು, ನೊಳಂಬ ಅಯ್ಯಪದೇವನಿಗೂ ವೀರಮಹೇಂದ್ರನಿಗೂ ನಡೆದ ಕಾಳಗದಲ್ಲಿ ಅಯ್ಯಪದೇವನ ಸಹಾಯಕ್ಕೆಂದು ಗಂಗರ ಎರೆಯಪ್ಪನು ಕಳುಹಿಸಿದ ನಾಗತ್ತರನೆಂಬ ಪಡೆವಳನು ತುಂಬೆಪಾಡಿಯಲ್ಲಿ ಆನೆಗಳೊಡನೆ ಹೋರಾಡಿ ಸತ್ತುದನ್ನು ಚಿತ್ರಸಮೇತವಾಗಿ ತಿಳಿಸುತ್ತದೆ. ಒಬ್ಬ ಅರಸನ ಅನ್ನ, ಇನ್ನೊಬ್ಬ ಅರಸನ ಯುದ್ಧ, ಮೂರನೆಯವನ ಆನೆ. ನಾಗತ್ತರನ ಪಾಲಿಗೆ ಬಂದುದು ಮರಣ. ಆದರೆ ಕಲ್ಲು ಅಲ್ಲಿಗೆ ನಿಲ್ಲದು. ಆ ಸುದ್ದಿಯನ್ನು ಕೇಳಿ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು 12 ಎಂಬ ಹಳ್ಳಿಗಳ ಸಮೂಹವನ್ನು ಕಲ್ನಾಡಾಗಿ ಕೊಟ್ಟನೆಂದು, ಹಳ್ಳಿಗಳ ಹೆಸರನ್ನೂ ಹೇಳಿ, ಮುಗಿಸುತ್ತದೆ. ದುಡಿದವನು ಕಾಣದ ಹಕ್ಕನ್ನು ಅವನ ಬಳಿಕ ಬಂದವನು ಉಂಡನು. ಇಂದಿಗೂ ಪರದೇಶದಲ್ಲಿ ತಂದೆಯು ದುಡಿದು ಮಗನು ನೆಲೆಗಾಣುವ ಸಂಸಾರಗಳು ಎಷ್ಟಿಲ್ಲ!

ನೊಳಂಬ ಮಹೇಂದ್ರನ ಕಾಲದಲ್ಲಿ, 893ರಲ್ಲಿ, ಈಗ ತಮಿಳುನಾಡಿಗೆ ಸೇರಿರುವ ಧರ್ಮಪುರಿಯ ಜಿನಾಲಯಕ್ಕೆ ನಡೆದ ದತ್ತಿಯೂ ಕನ್ನಡದ ಶಾಸನದಲ್ಲಿಯೇ ದಾಖಲಾಗಿದೆ. ಅಲ್ಲಿ ಬಸದಿಯನ್ನು ಕಟ್ಟಿಸಿದವರು ನಿಧಿಯಣ್ಣ, ಚಂಡಿಯಣ್ಣ ಎಂಬ ವರ್ತಕರು. ಅರಸನಿಂದ ತಾನು ಪಡೆದ ಹಳ್ಳಿಯನ್ನು ನಿಧಿಯಣ್ಣನು ಬಸದಿಗೆ ಬಿಟ್ಟುಕೊಟ್ಟನು. ಹೆಂಜೇರಿನ ಆಳ್ವಿಕೆಯೂ ಅದರ ಭಾಷೆಯೂ ಎಷ್ಟು ದೂರ ಹಬ್ಬಿದ್ದುವೆಂಬುದು ಇದರಿಂದ ತಿಳಿಯುವುದು.

ಆಶ್ರಯವು ಹಕ್ಕಾಗುವ ಮಾತನ್ನೇ ಕವಿಗಳ ಚರಿತ್ರೆಯೂ ಹೇಳುತ್ತದೆ. ಪಂಪನ ಪೂರ್ವಿಕರು ವೆಂಗಿಮಂಡಲದವರು. ಪೊನ್ನನೂ ಮೊದಲನೆಯ ನಾಗವರ್ಮನೂ ಆ ಕಡೆಯ ಮೂಲದವರೇ. ಪಂಪನು ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ 941ರಲ್ಲಿ ತನ್ನ ಕಾವ್ಯಗಳನ್ನು ರಚಿಸಿ, ಬಚ್ಚೆಸಾಸಿರದ ಧರ್ಮವುರವೆಂಬ ಅಗ್ರಹಾರವನ್ನು ಶಾಸನಬದ್ಧವಾಗಿ ಪಡೆದನು. ಕವಿಯು ತನ್ನ ಕೃತಿಯಲ್ಲಿ ಹೇಳಿಕೊಂಡ ಈ ಸಂಗತಿಗೆ, ಈಗಿನ ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ ಅವನ ತಮ್ಮನಾದ ಜಿನವಲ್ಲಭನು ಸಂಸ್ಕೃತ, ಕನ್ನಡ, ತೆಲುಗುಗಳಲ್ಲಿ ಕೆತ್ತಿಸಿದ ಶಾಸನವು ಬೆಂಬಲವಾಗಿ ನಿಂತಿದೆ. ಅರಿಕೇಸರಿಯ ವಂಶವು ಹೋಯಿತು. ವೇಮುಲವಾಡದ ಅರಮನೆಯು ಹೋಯಿತು. ಬಂಡೆಯ ಮೇಲಿನ ಹಕ್ಕುಪತ್ರವು ಓದುವುದಕ್ಕೆ ಬರುವಂತೆ ಉಳಿದಿದೆ.

ರನ್ನನ ಕಥೆಯಾದರೋ ಹೇಮಾವತಿಗೆ ನೇರವಾಗಿ ತಗುಲಿಕೊಂಡುದು. ಮುದುವೊಳಲಿನ ಬಳೆಗಾರ ಮನೆತನದಲ್ಲಿ ಹುಟ್ಟಿದ ಆ ತರುಣನು, ಉತ್ತರದ ತನ್ನ ಊರನ್ನು ಬಿಟ್ಟು, ಗಂಗರಾಜ್ಯಕ್ಕೆ ಬಂದು, ಅಜಿತಸೇನಾಚಾರ್ಯರಲ್ಲಿ ಓದಿ, ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನ ಆಶ್ರಯವನ್ನು ಪಡೆದನು. ಆ ಚಾವುಂಡರಾಯನು ಯಾರು? ಗೋನೂರಿನ ಬಯಲಿನಲ್ಲಿ ನೊಳಂಬರನ್ನು ಸದೆಬಡಿದು ವೀರಮಾರ್ತಂಡನೆಂಬ ಬಿರುದನ್ನು ಗಳಿಸಿದವನು. ಅವನ ಒಡೆಯನಾದ ಮಾರಸಿಂಹನು ನೊಳಂಬಕುಲಾಂತಕನೆಂದು ಹೆಸರಾದವನು. ಹೆಂಜೇರಿನ ಅರಸುಮನೆತನದ ಬಲವನ್ನು ಮುರಿದ ಕೈಯೇ ಮುದುವೊಳಲಿನ ಬಡಹುಡುಗನಿಗೆ ಅನ್ನವನ್ನಿಕ್ಕಿತು. ಆದರೆ ಆ ಕೈಯೂ ಬಹುಕಾಲ ಬಲವಾಗಿ ಉಳಿಯಲಿಲ್ಲ. ಮಾರಸಿಂಹನು ಬಂಕಾಪುರದಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟ ಮೇಲೆ ಗಂಗರ ಶಕ್ತಿಯು ಇಳಿಮುಖವಾಗಿ, ಹನ್ನೊಂದನೆಯ ಶತಮಾನದ ಮೊದಲ ವರುಷಗಳಲ್ಲಿ ತಲಕಾಡು ಚೋಳರ ವಶವಾಯಿತು. ಅಷ್ಟರಲ್ಲಿ ರನ್ನನು ಚಾಲುಕ್ಯ ತೈಲಪನ ಆಸ್ಥಾನವನ್ನು ಸೇರಿ ಕವಿಚಕ್ರವರ್ತಿ ಎನ್ನಿಸಿಕೊಂಡಿದ್ದನು; 993ರಲ್ಲಿ ಅತ್ತಿಮಬ್ಬೆಯ ಪ್ರೇರಣೆಯಿಂದ ಅಜಿತಪುರಾಣವನ್ನು ಮುಗಿಸಿದ್ದನು. ಒಂದು ಆಶ್ರಯವು ಸಡಿಲವಾಗುವ ಮುಂಚೆಯೇ ಮತ್ತೊಂದು ನೆಲೆಯನ್ನು ಸಿದ್ಧಮಾಡಿಕೊಂಡ ಈ ದೂರದೃಷ್ಟಿಯನ್ನು ಕೃತಘ್ನತೆಯೆಂದು ಯಾರೂ ತಿಳಿಯಬಾರದು. ಚಾವುಂಡರಾಯನ ನೆನಪನ್ನು ರನ್ನನು ಬಿಡಲಿಲ್ಲ. ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು.

ಹೆಂಜೇರಿನ ಕಂಬಗಳಿಗೆ ಇಂತಹ ಆಯ್ಕೆಯು ಇರಲಿಲ್ಲ. ರಾಜರಾಜ ಚೋಳನ ಪ್ರಶಸ್ತಿಯಲ್ಲಿ ಗಂಗಪಾಡಿಯೊಡನೆ ನುಳಂಬಪಾಡಿಯನ್ನೂ ಗೆದ್ದ ಮಾತು ಬರುತ್ತದೆ. ಗೆದ್ದ ನಾಡಿಗೆ ನಿಗರಿಲಿ ಚೋಳಮಂಡಲವೆಂಬ ಹೊಸ ಹೆಸರನ್ನು ಇಟ್ಟರು. ತಂಜಾವೂರಿಗೆ ಹತ್ತಿರದ ತಿರುವೈಯಾರಿನಲ್ಲಿ, ಕಾವೇರಿಯ ದಡದ ಐಯಾರಪ್ಪನ ದೇವಾಲಯದ ಪ್ರಾಕಾರದಲ್ಲಿ, ಸುತ್ತಣ ಚೋಳ ಶಿಲ್ಪದೊಡನೆ ಹೊಂದಿಕೊಳ್ಳದ, ಹೇಮಾವತಿಯ ನುಣುಪನ್ನೂ ಕುಸುರಿಯನ್ನೂ ತಾಳಿದ ಕಂಬಗಳ ಸಾಲನ್ನು ಕಂಡ ಕಲಾವಿಮರ್ಶಕರು, ಅವು ನೊಳಂಬರ ನಾಡಿನಿಂದ ಗೆಲುವಿನ ಗುರುತಾಗಿ ಸಾಗಿಸಿ ತಂದವೆಂದು ನಿರ್ಣಯಿಸಿದ್ದಾರೆ. ಚೋಳರಲ್ಲಿ ಇದು ಅಪರೂಪವಾಗಿರಲಿಲ್ಲ. ಕಲ್ಯಾಣವನ್ನು ಸುಟ್ಟು ತಂದ ದ್ವಾರಪಾಲಕನ ಪೀಠದ ಮೇಲೆ ರಾಜಾಧಿರಾಜನು ಆ ವಿಷಯವನ್ನು ಬರೆಯಿಸಿಯೇ ಇದ್ದಾನೆ. ಇಂದು ಆ ಕಂಬಗಳನ್ನು ಮುಟ್ಟುವ ಭಕ್ತರಿಗೆ ಪೆಂಜೇರಿನ ಹೆಸರು ತಿಳಿಯದು. ಕೆಲಸವು ಮತ್ತೊಬ್ಬರ ಹೆಸರಿನಲ್ಲಿ ನಿಂತಿದೆ. ಮಾಡಿದವನ ಗುರುತು ಅದರ ಮೇಲೆ ಇಲ್ಲ.

ಇದರ ಪಕ್ಕದಲ್ಲಿ, ನೂರು ವರುಷಗಳ ತರುವಾಯ ಬೇಲೂರಿನಲ್ಲಿ ನಡೆದುದನ್ನು ಇಟ್ಟು ನೋಡಬೇಕು. 1117ರಲ್ಲಿ ವಿಷ್ಣುವರ್ಧನನು ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದಾಗ ಕೆಲಸಕ್ಕೆ ಬಂದವರಲ್ಲಿ ಬಳ್ಳಿಗಾವೆಯ ದಾಸೋಜನಿದ್ದನು, ಅವನ ಮಗ ಚಾವಣನಿದ್ದನು, ಗದುಗಿನ ನಾಗೋಜನಿದ್ದನು. ಬಳ್ಳಿಗಾವೆ, ಗದುಗುಗಳು ಚಾಲುಕ್ಯರ ಸೀಮೆ. ಹೊಯ್ಸಳನ ಕರೆಗೆ ಓಗೊಟ್ಟು ಬಂದ ಈ ರೂವಾರಿಗಳು ಮದನಿಕೆಯರ ಅಡಿಯಲ್ಲಿ ತಮ್ಮ ಹೆಸರನ್ನೂ, ತಮ್ಮ ಊರನ್ನೂ, ಪ್ರತಿಸ್ಪರ್ಧಿಗಳಾದ ಶಿಲ್ಪಿಗಳ ಎದೆ ನಡುಗಿಸುವ ಬಿರುದುಗಳನ್ನೂ ಕೆತ್ತಿಕೊಂಡರು. ಕಲ್ಲು ದೇವರದು, ಗುಡಿ ಅರಸನದು. ಕೈ ಮಾತ್ರ ದಾಸೋಜನದೆಂದು ಈ ಹೊತ್ತಿಗೂ ಓದಬಹುದು. ತಿರುವೈಯಾರಿನ ಕಂಬಗಳಿಗೂ ಬೇಲೂರಿನ ಮದನಿಕೆಯರಿಗೂ ಶಿಲ್ಪದ ಶ್ರೇಷ್ಠತೆಯಲ್ಲಿ ತಾರತಮ್ಯವನ್ನು ನಾನು ಎಣಿಸಲಾರೆನು. ಇರುವ ಭೇದವೆಲ್ಲ ಹೆಸರಿನ ಭೇದ; ಕುಶಲನ ಬಾಳಿನಲ್ಲಿ ಅದು ಸಣ್ಣ ಭೇದವಲ್ಲ.

ಹೆಂಜೇರು ಆಮೇಲೆ ಮೆಲ್ಲನೆ ಹಳ್ಳಿಯಾಯಿತು. ನಾಯಕರು, ಪಾಳೆಯಗಾರರು, ಹೈದರ್ ಟಿಪ್ಪುಗಳು, ಕುಂಪಣಿಯವರು ಒಬ್ಬರಾದ ಮೇಲೊಬ್ಬರು ಬಂದು ಹೋದರು. 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಅನಂತಪುರವನ್ನು ಬೇರ್ಪಡಿಸಿದರು. 1953ರ ಅಕ್ಟೋಬರ್ 1ರಂದು ಆಂಧ್ರರಾಜ್ಯವು ಹುಟ್ಟಿದಾಗ, ಅದುವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗವೂ ಅನಂತಪುರದ ಮಡಕಶಿರವೂ ಗಡಿಯ ಆಚೆಗೆ ಉಳಿದುವು. ಬಹುಭಾಗ ಕರ್ನಾಟಕವೇ ಸುತ್ತುವರಿದಿರುವ ಮಡಕಶಿರದ ಜನರಿಗೆ ಶಿರಾ, ಮಧುಗಿರಿ, ಬೆಂಗಳೂರುಗಳು ತಮ್ಮ ರಾಜ್ಯದ ರಾಜಧಾನಿಗಿಂತ ಹತ್ತಿರ. ಈ ಸೀಮೆಯ ವಿದ್ಯಾವಂತರು ಬೆಂಗಳೂರಿಗೆ ಹೋಗುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅಲ್ಲಿಂದ ಮುಂದಿನ ಹೆಜ್ಜೆಯಲ್ಲಿ ಮಾತ್ರ, ಚಪಡನೂ ರನ್ನನೂ ದಾಸೋಜನೂ ಕಂಡ ಹಳೆಯ ಪ್ರಶ್ನೆಯು ಹೊಸ ವೇಷದಲ್ಲಿ ಎದುರಾಗುವುದು.

ಆಸ್ಟ್ರೇಲಿಯದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 1901ರ ಕಾನೂನಿನ ಪ್ರಕಾರ ಆ ದೇಶವು ಯೂರೋಪಿನ ಯಾವುದಾದರೊಂದು ಭಾಷೆಯಲ್ಲಿ ಐವತ್ತು ಪದಗಳ ಉಕ್ತಲೇಖನವನ್ನು ಕೊಟ್ಟು, ತನಗೆ ಬೇಡವಾದ ಬಣ್ಣದವರನ್ನು ಹೊರಗಿಡುತ್ತಿದ್ದಿತು. 1958ರಲ್ಲಿ ಆ ಪರೀಕ್ಷೆಯನ್ನು ತೆಗೆದುಹಾಕಿದರು. 1973ರಲ್ಲಿ ಜನಾಂಗದ ಮೇಲಿನ ಭೇದವನ್ನೇ ಕೈಬಿಟ್ಟರು. 1979ರಿಂದ ಈಚೆಗೆ ವಿದ್ಯೆ, ವಯಸ್ಸು, ಅನುಭವ, ಇಂಗ್ಲಿಷಿನ ತಿಳಿವಳಿಕೆ ಇವುಗಳಿಗೆ ಪಾಯಿಂಟುಗಳನ್ನು ಕೊಟ್ಟು ಆರಿಸುವ ಕ್ರಮವು ಬೆಳೆಯಿತು. ಇದು ಸ್ವಂತ ಅರ್ಹತೆಯ ದಾರಿ. 1996ರಲ್ಲಿ, ಕಂಪನಿಯು ಸ್ಪಾನ್ಸರ್ ಮಾಡಿ ಕೆಲವು ವರುಷಗಳ ಮಟ್ಟಿಗೆ ಕರೆಸಿಕೊಳ್ಳುವ 457 ಎಂಬ ವೀಸಾ ಬಂದಿತು. 2018ರಲ್ಲಿ ಅದು 482 ಎಂಬ ಸಂಖ್ಯೆಯನ್ನು ಪಡೆದು, 2024ರ ಡಿಸೆಂಬರಿನಲ್ಲಿ ಹೆಸರನ್ನು ಬದಲಿಸಿಕೊಂಡು, ಇಂದಿಗೂ ನಡೆದಿದೆ. ಇದು ಆಶ್ರಯದ ದಾರಿ. ಮಡಕಶಿರದ ಕಡೆಯ ಒಬ್ಬ ಇಂಜಿನಿಯರ್ ಹಿಂದೂಪುರದಲ್ಲಿ ಓದಿ, ಬೆಂಗಳೂರಿನಲ್ಲಿ ದುಡಿದು, ಮೆಲ್ಬರ್ನಿಗೆ ಹೋಗಿರುವನೆಂದು ಇಟ್ಟುಕೊಳ್ಳೋಣ. ವಿದ್ಯಾರ್ಹತೆಯ ಪರಿಶೀಲನೆಯನ್ನು ಮಾಡಿಸಿ, ಕನಿಷ್ಠಪಕ್ಷ 65 ಪಾಯಿಂಟುಗಳನ್ನು ಕೂಡಿಸಿ, ಇನ್ವಿಟೇಷನ್ ಬಂದ 60 ದಿವಸಗಳೊಳಗೆ ಶಾಶ್ವತ ವಾಸದ ವೀಸಾಗಳಾದ 189 ಅಥವಾ 190ರ ಅರ್ಜಿಯನ್ನು ಲಾಡ್ಜ್ ಮಾಡಿದರೆ, ಆ ಅರ್ಜಿಯು ತೀರ್ಮಾನವಾಗುವವರೆಗೆ, ಕೈಯಲ್ಲಿದ್ದ ವೀಸಾ ಮುಗಿದರೂ ಇರಲೆಂದು ಬ್ರಿಡ್ಜಿಂಗ್ ವೀಸಾ ಎಂಬ ತಾತ್ಕಾಲಿಕ ಅನುಮತಿಯನ್ನು ಕೊಡುತ್ತಾರೆ. ಆದರೆ ಸಾಮಾನ್ಯವಾಗಿ ದೊರೆಯುವ ಆ ಅನುಮತಿಯ ಮೇಲೆ ದೇಶವನ್ನು ಬಿಟ್ಟು ಹೋದವನು ಹಿಂದಿರುಗಲಾರನು. ಅದಕ್ಕೆ ಬೇರೊಂದು ಬ್ರಿಡ್ಜಿಂಗ್ ವೀಸಾ ಬೇಕು. ಊರಿನಲ್ಲಿ ತಾಯಿಗೆ ಕಾಯಿಲೆಯೆಂಬ ಸುದ್ದಿ ಬಂದ ದಿನ ಈ ನಿಯಮದ ಭಾರವು ತಿಳಿಯುವುದು. ಹೀಗಾಗಿ, ಅರ್ಜಿಯು ಬಾಕಿಯಿರುವಾಗಲೇ ಕಂಪನಿಯು ಸ್ಪಾನ್ಸರ್ ಮಾಡುತ್ತೇನೆಂದರೆ ಅದನ್ನೂ ಒಪ್ಪಿಕೊಂಡು, 482ನ್ನು ಪಡೆದು, ಹೋಗಿಬರುವ ಸ್ವಾತಂತ್ರ್ಯದೊಡನೆ ಕೆಲಸ ಮಾಡುತ್ತ, ಪಿ.ಆರ್.ಗಾಗಿ ಕಾಯುವವರು ಹಲವರು. ಕಾನೂನು ಇದನ್ನು ತಡೆಯುವುದಿಲ್ಲ. ಒಂದು ಅರ್ಜಿಯು ಇನ್ನೊಂದನ್ನು ಕೆಡಿಸುವುದಿಲ್ಲ.

ಆದರೆ ಇಲ್ಲಿ ಎಚ್ಚರಿಕೆಯಿಂದ ತಿಳಿಯತಕ್ಕ ಒಂದು ಸೂಕ್ಷ್ಮವುಂಟು. ಆ ದೇಶದ ವಲಸೆಯ ಕಾನೂನಿನಲ್ಲಿ, ಹೊಸದಾಗಿ ಮಂಜೂರಾದ ವೀಸಾ ಹಿಂದಿನ ವೀಸಾವನ್ನು ಅಳಿಸಿ ತಾನು ನಿಲ್ಲುವುದು. ತಾತ್ಕಾಲಿಕವಾದ 482 ಮೊದಲು ಬಂದು, ಶಾಶ್ವತವಾದ ಪಿ.ಆರ್. ಆಮೇಲೆ ಬಂದರೆ ಎಲ್ಲವೂ ಸರಿ. ಎರಡೂ ಅರ್ಜಿಗಳು ಬಾಕಿಯಿರುವಾಗ ಪಿ.ಆರ್. ಮೊದಲು ಮಂಜೂರಾಗಿ, 482ರ ಅರ್ಜಿಯನ್ನು ಹಿಂತೆಗೆದುಕೊಳ್ಳದೆ ಬಿಟ್ಟು, ಅದೂ ತರುವಾಯ ಮಂಜೂರಾದರೆ, ವರುಷಗಟ್ಟಲೆ ಕಾದು ಪಡೆದ ಶಾಶ್ವತದ ಹಕ್ಕು ಆ ಕ್ಷಣದಲ್ಲಿಯೇ ಹೋಗಿ, ಕೆಳಗಿನ ಅನುಮತಿಯು ಉಳಿಯುವುದು. ಗ್ರ್ಯಾಂಟಿನ ಪತ್ರವು ಕೈಸೇರಿದ ಸಂತೋಷದಲ್ಲಿ, ಕಂಪನಿಯ ಎಚ್.ಆರ್. ವಿಭಾಗಕ್ಕೂ ಏಜೆಂಟರಿಗೂ ಅಂದೇ ತಿಳಿಸಿ, ಬಾಕಿಯಿರುವ ತಾತ್ಕಾಲಿಕ ಅರ್ಜಿಯನ್ನು ಹಿಂದಕ್ಕೆ ಪಡೆಯುವುದನ್ನು ಯಾರೂ ಮರೆಯಬಾರದು. ಹಳೆಯ ಶಾಸನಗಳು ಈ ವಿಷಯದಲ್ಲಿ ಹೆಚ್ಚು ಉದಾರವಾಗಿದ್ದುವೆಂದು ನನಗೆ ತೋರುತ್ತದೆ: ಧರ್ಮವುರವನ್ನು ಪಡೆದ ಕವಿಯು ಆಮೇಲೆ ಅರಸನಿಂದ ಒಂದು ಜೊತೆ ಬಟ್ಟೆಯನ್ನು ಪಡೆದರೆ ಅಗ್ರಹಾರವು ಹಿಂದಕ್ಕೆ ಹೋಗುತ್ತಿರಲಿಲ್ಲ.

ಆಶ್ರಯಕ್ಕೂ ಹಕ್ಕಿಗೂ ಇರುವ ಅಂತರವು ಎಲ್ಲರ ಕಣ್ಣಿಗೂ ಬಿದ್ದುದು 2020ರಲ್ಲಿ. ಮಹಾಮಾರಿಯ ಭಯದಿಂದ ಆ ವರುಷದ ಮಾರ್ಚ್ 20ರಂದು ಆಸ್ಟ್ರೇಲಿಯವು ತನ್ನ ಗಡಿಯನ್ನು ಮುಚ್ಚಿದಾಗ, ಪ್ರಜೆಗಳಿಗೂ ಪಿ.ಆರ್. ಇದ್ದವರಿಗೂ ಒಳಗೆ ಬರುವ ಅವಕಾಶವಿದ್ದಿತು. ಸ್ಪಾನ್ಸರ್ ವೀಸಾದವರು ತೆರಿಗೆ ಕಟ್ಟುತ್ತಿದ್ದವರಾಗಲಿ, ಅಲ್ಲಿ ಮನೆಯನ್ನೂ ಮಕ್ಕಳ ಶಾಲೆಯನ್ನೂ ಬಿಟ್ಟು ಬಂದವರಾಗಲಿ, ಮದುವೆಗೋ ತಿಥಿಗೋ ಊರಿಗೆ ಬಂದಿದ್ದವರು ವಿಶೇಷ ಅಪ್ಪಣೆಯಿಲ್ಲದೆ ಹಿಂದಿರುಗದಂತಾದರು. ಅವರಿಗೆ ಬಾಗಿಲು ತೆರೆದುದು 2021ರ ಡಿಸೆಂಬರ್ 15ರಂದು. ಒಂದೇ ಕಚೇರಿಯಲ್ಲಿ ಪಕ್ಕಪಕ್ಕದ ಮೇಜುಗಳಲ್ಲಿ ಒಂದೇ ಕೆಲಸವನ್ನು ಮಾಡುತ್ತಿದ್ದ ಇಬ್ಬರಲ್ಲಿ ಒಬ್ಬನು ಒಳಗೆ, ಇನ್ನೊಬ್ಬನು ಹೊರಗೆ. ವಿದ್ಯೆಯಲ್ಲಿ ಭೇದವಿಲ್ಲ, ಕಾಗದದಲ್ಲಿ ಭೇದ. ಇಂತಹ ನಿಯಮವನ್ನು ವಿಧಿಸುವ ಅಧಿಕಾರವು ಯಾವ ದೇಶಕ್ಕಾದರೂ ಇರಬಹುದು; ಆದರೆ ಅರ್ಜಿಯನ್ನು ಪಡೆದು, ಅದರ ಶುಲ್ಕವನ್ನೂ ಪಡೆದು, ದುಡಿಮೆಯನ್ನೂ ಪಡೆದು, ಉತ್ತರವನ್ನು ಮಾತ್ರ ವರುಷಗಟ್ಟಲೆ ತಡಮಾಡುವ ಅಧಿಕಾರವು ನ್ಯಾಯವಾದುದೆಂದು ನಾನು ಒಪ್ಪಲಾರೆನು.

ಅಮೆರಿಕದಲ್ಲಿ ಈ ಕಾಯುವಿಕೆಯು ಇನ್ನೂ ದೀರ್ಘವಾದುದು. 1965ರ ಕಾನೂನು ಏಷ್ಯದವರಿಗೆ ಬಾಗಿಲನ್ನು ತೆರೆಯಿತು. 1990ರ ಕಾನೂನು ಎಚ್-1ಬಿ ವೀಸಾವನ್ನು ಏರ್ಪಡಿಸಿ, ಅದರ ಮೇಲೆ ಕೆಲಸ ಮಾಡುವವನು ಶಾಶ್ವತವಾಗಿ ನೆಲೆಸುವ ಇಚ್ಛೆಯನ್ನು ಬಹಿರಂಗವಾಗಿ ಇಟ್ಟುಕೊಳ್ಳಬಹುದೆಂದು ಒಪ್ಪಿತು. ಆದರೆ ಉದ್ಯೋಗದ ಮೂಲಕ ಸಿಗುವ ಗ್ರೀನ್ ಕಾರ್ಡುಗಳಲ್ಲಿ ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ವರುಷಕ್ಕೆ ನೂರಕ್ಕೆ 7ಕ್ಕಿಂತ ಹೆಚ್ಚು ಸಾಮಾನ್ಯವಾಗಿ ದೊರೆಯದೆಂಬ ಮಿತಿಯಿರುವುದರಿಂದ, ಭಾರತದಲ್ಲಿ ಹುಟ್ಟಿದವರ ಸಾಲು ಹತ್ತು ವರುಷಗಳನ್ನೂ ಮೀರಿ ಬೆಳೆದಿದೆ. ಎಚ್-1ಬಿಯ ಅವಧಿ ಆರು ವರುಷ. ಸಾಲಿನಲ್ಲಿ ನಿಂತವರಿಗೆ ಅದನ್ನು ಆಮೇಲೂ ಮುಂದುವರಿಸಿಕೊಳ್ಳುವ ಅವಕಾಶವನ್ನು 2000ದ ಕಾನೂನು ಕೊಟ್ಟಿತು. ಈ ನಡುವೆ ಕೆಲಸವನ್ನು ಕಳೆದುಕೊಂಡವನಿಗೆ ಮತ್ತೊಬ್ಬ ಧಣಿಯನ್ನು ಹುಡುಕಲು ಅಮೆರಿಕವು ಕೊಡುವುದು ಹೆಚ್ಚೆಂದರೆ 60 ದಿವಸ. ಆಸ್ಟ್ರೇಲಿಯವೂ ಮೊದಲು ಅಷ್ಟೇ ಕೊಡುತ್ತಿದ್ದು, 2024ರ ಜುಲೈಯಿಂದ ಒಂದು ಸಲಕ್ಕೆ 180 ದಿವಸಗಳಿಗೆ ಏರಿಸಿತು. ಕೆಲಸವು ಹೋದರೆ ಮನೆ, ಶಾಲೆ, ಊರು ಎಲ್ಲವೂ ಹೋಗಬಹುದೆಂಬ ಅಂಜಿಕೆಯಿಂದ ಎಷ್ಟೋ ಮಂದಿ ಸಂಬಳ ಕಡಮೆಯಾದರೂ, ಅವಮಾನವಾದರೂ, ಬಾಯಿ ಬಿಡದೆ ದುಡಿಯುತ್ತಾರೆ. ಜೋಳದ ಪಾಳಿಯ ಕಾಲದ ಪಡೆವಳನಿಗೆ ಇದ್ದ ಒಂದು ಗೌರವವೂ ಇವರ ಮೌನಕ್ಕೆ ಸಿಕ್ಕದು.

ಆಸ್ಟ್ರೇಲಿಯದ ಕಾನೂನಿನಲ್ಲಿ ಮೆಚ್ಚತಕ್ಕ ಒಂದು ಅಂಶವನ್ನು ಇಲ್ಲಿ ಹೇಳಬೇಕು. ಪ್ರಜಾಹಕ್ಕನ್ನು ಬೇಡುವವನು ಅರ್ಜಿಗೆ ಹಿಂದಿನ ನಾಲ್ಕು ವರುಷ ಆ ದೇಶದಲ್ಲಿ ಕಾನೂನುಬದ್ಧವಾಗಿ ವಾಸಿಸಿರಬೇಕು. ಆದರೆ ಅವುಗಳಲ್ಲಿ ಪಿ.ಆರ್. ಇದ್ದು ಕಳೆಯಬೇಕಾದುದು ಕೊನೆಯ ಹನ್ನೆರಡು ತಿಂಗಳು ಮಾತ್ರ. ಒಟ್ಟು ನಾಲ್ಕು ವರುಷಗಳಲ್ಲಿ ಹೊರಗಿದ್ದುದು ಹನ್ನೆರಡು ತಿಂಗಳನ್ನೂ, ಕೊನೆಯ ವರುಷದಲ್ಲಿ 90 ದಿವಸಗಳನ್ನೂ ಮೀರಿರಬಾರದು. ಕಂಪನಿಯ ಹೆಸರಿನ ವೀಸಾದಡಿಯಲ್ಲಿ ದುಡಿದ ದಿನಗಳೂ, ಬ್ರಿಡ್ಜಿಂಗ್ ವೀಸಾದ ಮೇಲೆ ಉತ್ತರಕ್ಕಾಗಿ ಕಾದ ದಿನಗಳೂ ಆ ನಾಲ್ಕು ವರುಷಗಳ ಲೆಕ್ಕಕ್ಕೆ ಪೂರ್ತಿಯಾಗಿ ಸೇರುತ್ತವೆ.